ಐದು ಜನದ ಗಾಡಿ

ಹಿರಿಯೂರಿನ ಹೆದ್ದಾರಿ ಪಕ್ಕ ನಮ್ಮ ಯಜಮಾನರದು ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಬರಿಯ ಚಾಸಿ ಬಂದು ನಿಂತರೆ ಅದಕ್ಕೆ ಹಲಗೆ, ತಗಡು, ಬಾಗಿಲು ಎಲ್ಲ ಕೂರಿಸಿ, ಬಣ್ಣ ಬಳಿಸಿ ಕಳಿಸುವುದು ಅವರ ಕಸುಬು. ಊರವರ ಗಾಡಿಗಳನ್ನೆಲ್ಲ ಕಟ್ಟಿದ ಮನುಷ್ಯ ತನಗೆಂದು ಒಂದನ್ನೂ ಕಟ್ಟಿಕೊಂಡಿರಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ಶ್ರಾವಣದಲ್ಲಿ, ಊಟಕ್ಕೆ ಕೂತವರು ಮುದ್ದೆ ಮುರಿಯುತ್ತಾ, "ದಸರಾ ರಜಕ್ಕೆ ಶ್ರೀಶೈಲಕ್ಕೆ ಹೋಗಾಣ. ನಮ್ದೇ ಗಾಡೀಲಿ. ಅಡಿಗೆಮನೆ ಒಳಗೇ ಇರಂಗೆ, ಮಲಗಾಕೂ ಆಗಂಗೆ ಒಂದು ಕಟ್ತೀನಿ," ಅಂದರು.

ಯಾರಿಗಾಗಿ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಕ್ಕದಲ್ಲಿ ಸಾರು ಬಡಿಸುತ್ತಿದ್ದ ಅವರ ಅಕ್ಕನಿಗಾಗಿ.

ಇವರಿಗೆ ತಾಯಿ ತೀರಿದಾಗ ಏಳು ವರ್ಷವಂತೆ. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು ಎರಡೇ ವರ್ಷಕ್ಕೆ ತಮ್ಮನ ಮನೆಗೆ ಬಂದಳು, ಬಂದವಳು ಇಲ್ಲೇ ಉಳಿದಳು. ನಾನೂ ಮಕ್ಕಳೂ ಅಕ್ಕ ಎಂದೇ ಕರೆಯುತ್ತಿದ್ದೆವು. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಅವಳು ಹನಿ ನೀರೂ ಮುಟ್ಟುತ್ತಿರಲಿಲ್ಲ. ಹೋಟೆಲಿನ ಊಟ ಅವಳಿಗೆ ಸಲ್ಲದು, ಬಸ್‌ಸ್ಟ್ಯಾಂಡಿನ ನಲ್ಲಿ ನೀರೂ ಸಲ್ಲದು. ಹಾಗಾಗಿ ಶ್ರೀಶೈಲದ ಮಲ್ಲಯ್ಯನನ್ನು ನೋಡಬೇಕೆಂಬ ಅವಳ ಹರಕೆ ಮದುವೆಗೆ ಮುಂಚಿನಿಂದ ಹಾಗೇ ನಿಂತಿತ್ತು. ಎರಡು ದಿನದ ದಾರಿಯನ್ನು ಉಪವಾಸ ಮಾಡಿ ಹೋಗಿಬರುವುದು ಹೇಗೆ? ಅಡಿಗೆಮನೆ ಇರುವ ಗಾಡಿ ಎಂದು ಇವರು ಅಂದದ್ದು ಅದಕ್ಕೇ.

ಅಕ್ಕ ಸಾರಿನ ಸೌಟು ಹಿಡಿದು ನಿಂತಲ್ಲೇ, "ನನ್ನ ಯಾಕಪ್ಪ, ನೀವು ಮಕ್ಕಳು ಹೋಗ್ಬರ್ರಿ," ಅಂದಳು. ಆದರೆ ಅವತ್ತು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಹಾಡು ಹೇಳಿಕೊಳ್ಳುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಇಲ್ಲಿ ನಮ್ಮ ಕಡೆಯ ಒಂದು ನಡಾವಳಿ ಹೇಳಬೇಕು. ಮನೆಯ ಹಿರಿಯ ಹೆಂಗಸು ಎಲ್ಲಿಗಾದರೂ ಸರಿ ಒಂದೇ ಮಾತಿಗೆ ಬರುತ್ತೇನೆ ಅನ್ನುವುದಿಲ್ಲ. ಅಂದರೆ ಆಸೆಬುರುಕಿ ಅನ್ನಿಸಿಕೊಳ್ಳುತ್ತಾಳೆ. ಮೊದಲ ಸಲ ಕರೆದರೆ 'ನಾನ್ಯಾಕೆ', ಎರಡನೇ ಸಲಕ್ಕೆ 'ಮನೆ ಯಾರು ನೋಡ್ಕಂತಾರೆ', ಮೂರನೇ ಸಲ ಕೈ ಹಿಡಿದು ಕರೆದರೆ ಆಗ ಸುಮ್ಮನೆ ಸೀರೆ ಮಡಚಲು ಏಳುತ್ತಾಳೆ. ಗಂಡಸರು ಕರೆದರೆ ಅದು ಕರೆದ ಹಾಗಲ್ಲ. ಕರೆಯಬೇಕಾದವಳು ಮನೆಯ ಸೊಸೆ. ಹಸುಗೂಸಿಗೂ ಗೊತ್ತಿರುವ ಸಂಗತಿ ಇದು. ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗೆಯೇ ಇಲ್ಲ.

ಇವರು ಚಿತ್ರದುರ್ಗಕ್ಕೆ ಹೋಗಿ ಎರಡು ಹಳೆಯ ಗಾಡಿ ನೋಡಿ ಬಂದರು. ಒಂದು ಸಣ್ಣ ವ್ಯಾನು. ಇನ್ನೊಂದು ಯಾವುದೋ ಶಾಲೆಯವರು ಮಾರಲಿಟ್ಟ ಮಿನಿ ಬಸ್ಸು. ಎರಡರ ಒಳಗಿನ ಅಳತೆಯನ್ನೂ ಟೇಪು ಹಿಡಿದು ಬರೆದುಕೊಂಡು ಬಂದಿದ್ದರು.

"ನೀನು ನೋಡು. ಮನೆ ನಡ್ಸಾಳು ನೀನು, ಜಾಗದ ಲೆಕ್ಕ ನಿಂಗೆ ತಿಳೀತೈತೆ," ಅಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡದನ್ನು ಅವರು ನನಗೆ ಬಿಟ್ಟದ್ದು ಅದೇ ಮೊದಲು. ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಆ ವಾರ ಮಾಡದಕೆರೆಯಿಂದ ನನ್ನ ತಾಯಿ ಬಂದಿದ್ದಳು. ಬೆಳಿಗ್ಗೆ ಸಗಣಿ ಸಾರಿಸಿದ ಅಂಗಳ ಒಣಗಿದ ಮೇಲೆ ನಾನು ಅಳತೆಯನ್ನು ನೆಲದ ಮೇಲೆ ಹಾಕಲು ನಿಂತೆ. ಸೀಮೆಸುಣ್ಣ ಸಗಣಿ ನೆಲಕ್ಕೆ ಹಿಡಿಯಲಿಲ್ಲ. ರಂಗೋಲಿ ಪುಡಿ ತಂದು ಗೆರೆ ಎಳೆದೆ. ಸಣ್ಣ ವ್ಯಾನಿನ ಗೆರೆ ಅಂಗಳದಲ್ಲಿ ಚೊಕ್ಕವಾಗಿ ಕೂತಿತು. ಮಿನಿ ಬಸ್ಸಿನದು ಬಟ್ಟೆ ಒಗೆಯುವ ಕಲ್ಲಿನ ತನಕ ಹೋಗಿ, ಕಲ್ಲು ಹತ್ತಿ ಇಳಿಯಬೇಕಾಯಿತು. ಅರ್ಧಕ್ಕೇ ಬಿಟ್ಟೆ.

"ಬರ್ರಿ, ಎಲ್ರೂ ಮಲಗಿ ನೋಡಾಣ," ಅಂದೆ.

ಮಗಳು, ಮಗ ಓಡಿ ಬಂದು ಬಿದ್ದುಕೊಂಡರು. ಇವರು ಒಂದು ಮಗ್ಗುಲು. ನನ್ನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಮಲಗಿ, "ಅಯ್ಯ ಶಿವನೇ, ಜೀವ ಇರವಾಗ್ಲೇ ಗೆರೆ ಕೊರೆದು ಮಲಗಿಸ್ತೀರೇನ್ರೇ," ಅಂದಳು.

"ಅಜ್ಜಿ, ಮೊಣಕೈ ಒಳಿಕ್ಕೆ ತಗ. ಗೆರೆ ಹೊರಗೆ ಹೋಗೈತೆ. ರೋಡಲ್ಲಿ ಲಾರಿ ಬಂದ್ರೆ ಕಟ್ಟಾಗ್ತೈತೆ," ಅಂತ ಮಗ.

"ನಿಮ್ಮಪ್ಪನ ಹೊಟ್ಟೆ ಒಳಿಕ್ಕೆ ತಗಳಾಕೇಳು ಮೊದ್ಲು."

ನಾನೂ ಅಂಚಿಗೆ ಮಲಗಿದೆ. ಐದು ಜನ ಸರಿಯಾಗಿ ಹಿಡಿದೆವು, ಡಬ್ಬಿಯಲ್ಲಿ ಜೋಡಿಸಿದ ಹಪ್ಪಳದ ಹಾಗೆ. ಅಕ್ಕ ಬಾಗಿಲ ಹೊಸ್ತಿಲ ಬಳಿ ನಿಂತು ನೋಡುತ್ತಿದ್ದಳು.

"ಅಕ್ಕ, ಬಾ. ನೀನೂ ಮಲಗು," ಎಂದು ಮಲಗಿದಲ್ಲಿಂದಲೇ ಕರೆದೆ. ಅದು ನಾನು ಕರೆದ ಮೊದಲನೇ ಸಲ.

"ರಂಗೋಲಿ ತುಳಿಯಂಗಿಲ್ಲ ಕಣವ್ವ. ಇವತ್ತು ಶುಕ್ರವಾರ ಬೇರೆ. ನಾನಿಲ್ಲೇ ನಿಂತಿರ್ತೀನಿ ಬಿಡು."

ಅದಕ್ಕೆ ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಂದು ಮೂಲೆಯ ಪುಡಿಯನ್ನು ಅಂಗೈಯಲ್ಲಿ ಒರೆಸಿ ಅವಳಿಗೆ ದಾರಿ ಮಾಡಿಕೊಡಲು ನನಗೆ ಎಷ್ಟು ಹೊತ್ತು ಬೇಕಿತ್ತು? ಮಾಡಲಿಲ್ಲ. ಐದು ಜನಕ್ಕೆ ಸರಿಹೋಯಿತು ಎನ್ನುವ ಮಾತು ಆಗಲೇ ನನ್ನ ಬಾಯಿಗೆ ಬಂದಿತ್ತು.

ಶೆಡ್ಡಿನಲ್ಲಿ ಸೀಟು ಹೊಲಿಯುವ ಸಾಬರೊಬ್ಬರು ಇದ್ದರು, ಇವರಿಗಿಂತ ಹಿರಿಯರು. ಅವತ್ತು ರೆಕ್ಸಿನ್ ಬಣ್ಣ ಕೇಳಲು ಮನೆಗೆ ಬಂದವರು ಅಂಗಳದ ಗೆರೆ ನೋಡಿ, "ತಾಯೀ, ದೊಡ್ಡ ಗಾಡಿ ತಗಂಡ್ರೆ ಕಾಲು ಚಾಚ್ಕಂಡು ಹೋಗ್ತೀರಿ. ಸಣ್ಣದು ತಗಂಡ್ರೆ ಯಾರನ್ನಾದ್ರೂ ಇಳಿಸಿ ಹೋಗ್ತೀರಿ. ನೋಡ್ಕಳ್ರಿ ಮತ್ತೆ," ಅಂದರು.

"ದೊಡ್ಡದು ನಮ್ಮ ಬೀದೀಲಿ ತಿರುಗಲ್ಲ ಸಾಬ್ರೆ," ಅಂದೆ. ಅದು ನಿಜವೇ. ಡೀಸೆಲ್ಲು ಕುಡಿಯುತ್ತದೆ ಅಂದೆ. ಅದೂ ನಿಜವೇ. ನಾನು ಕೊಟ್ಟ ಕಾರಣಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಹೇಳಿದೆ.

ಹೇಳದೆ ಉಳಿಸಿಕೊಂಡದ್ದು ಇದು: ಹೋಗಿಬರುವ ಎಂಟು ದಿನ ಅಕ್ಕನ ಕಣ್ಣಿಲ್ಲದೆ ಒಲೆ ಹಚ್ಚಬೇಕು ಎನ್ನುವ ಆಸೆ ನನಗಿತ್ತು. ಅವಳು ಕೆಟ್ಟವಳಲ್ಲ. ಒಂದು ದಿನವೂ ನನ್ನನ್ನು ಬೈದವಳಲ್ಲ. ಆದರೆ ನಾನು ಸ್ನಾನಕ್ಕೆ ಮುಂಚೆ ಒಲೆ ಮುಟ್ಟಿದರೆ ಏನೂ ಅನ್ನದೆ ಒಲೆ ತೊಳೆಯುತ್ತಿದ್ದಳು. ಉಪ್ಪು ನೋಡಲು ಸೌಟು ತುಟಿಗಿಟ್ಟರೆ ಏನೂ ಅನ್ನದೆ ಬೇರೆ ಸಾರಿಡುತ್ತಿದ್ದಳು. ಬೈದಿದ್ದರೆ ನಾನೂ ತಿರುಗಿ ಅಂದು ಹಗುರಾಗುತ್ತಿದ್ದೆ. ಆ ಮೌನಕ್ಕೆ ಹದಿನಾಲ್ಕು ವರ್ಷವಾಗಿತ್ತು. ಒಂದೇ ಒಂದು ಸಲ ನನ್ನ ಒಲೆ ನನ್ನದಾಗಿರಲಿ ಅನ್ನಿಸಿತು. ತಪ್ಪೋ ಸರಿಯೋ, ಅನ್ನಿಸಿದ್ದು ಅದೇ.

ವ್ಯಾನು ಬಂತು. ಇವರು ಕೆಲಸ ಮುಗಿಸಿ ಸಂಜೆ ಹೊತ್ತು ಅದರ ಕೆಲಸಕ್ಕೆ ಕೂತರು. ಮಡಚುವ ಹಲಗೆ, ಕೆಳಗೆ ಹಾಸಿಗೆ ಇಡುವ ಪೆಟ್ಟಿಗೆ, ನೀರಿನ ಡ್ರಮ್ಮು, ಪಾತ್ರೆ ಅಲುಗಾಡದಂತೆ ಪಟ್ಟಿ ಹೊಡೆದ ಗೂಡು. ಅಡಿಗೆಯ ಜಾಗವನ್ನು ಹೇಳಿಕೊಟ್ಟವಳು ಅಕ್ಕ. ಶೆಡ್ಡಿಗೆ ಹೋಗಿ, ಗಾಡಿಯೊಳಗೆ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ ನೋಡಿ ಅಳತೆ ಕೊಟ್ಟಳು.

"ಒಲೆ ಬಾಗಿಲ ಕಡೆಗೆ ಬ್ಯಾಡಪ್ಪ, ಗಾಳಿ ಹೊಡೀತೈತೆ. ಈ ಗೂಟ ಒಂದು ಗೇಣು ಮ್ಯಾಲೆ ಹೊಡಿ. ಕುಡಿಯೋ ನೀರು ಕಾಲಿನ ಕಡೆಗಿಡಬಾರದು."

ಇವರು ಅವಳು ಹೇಳಿದ ಹಾಗೆ ಗೂಟ ಕಿತ್ತು ಹೊಡೆದರು. ಗೂಟ ಅವಳ ಕೈಯಳತೆಗೇ ಕೂತಿತ್ತು. ಮನೆಗೆ ಬಂದು ನನ್ನ ಹತ್ತಿರ, "ಅಕ್ಕನೂ ಬಂದ್ರೆ ಮಕ್ಕಳನ್ನ ಒಂದೇ ಕಡೆ ಒತ್ತಿ ಮಲಗ್ಸಾಣ. ಹೆಂಗಾದ್ರೂ ಆಗ್ತೈತೆ," ಅಂದರು.

"ನಮ್ಮವ್ವಂಗೆ ಹೇಳಿಬಿಟ್ಟೀನಲ್ಲ. ಆರು ಜನ ಹಿಡಿಯಲ್ಲ ಅಂತ ನೀವೇ ಅಂಗಳದಾಗೆ ನೋಡಿದ್ರಲ್ಲ."

"ಅಕ್ಕನ್ನ ಕೇಳಿದ್ಯಾ?"

"ಕೇಳ್ದೆ. ಬರಲ್ಲ ಅಂದ್ಲು."

ಅವರು ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಗಂಡಸರು ಒಳಗಿನ ಮಾತಿಗೆ ಬರಬಾರದು ಅಂತ ಅವರಿಗೆ ಕಲಿಸಿದವಳೂ ಅಕ್ಕನೇ.

ಎರಡನೇ ಸಲ ನಾನು ಕರೆದದ್ದು ಹೊರಡುವ ನಾಲ್ಕು ದಿನ ಮುಂಚೆ, ಜೋಳದ ರೊಟ್ಟಿ ಬಡಿಯುವಾಗ. "ನೀನೂ ಬರಬೌದಿತ್ತಕ್ಕ," ಅಂದೆ. ಬಾ ಅಂತ ಅನ್ನಲಿಲ್ಲ. ಬರಬಹುದಿತ್ತು ಅಂದೆ. ಅವಳು ರೊಟ್ಟಿ ಮಗುಚುತ್ತಾ, "ಹಸ ಯಾರು ನೋಡ್ಕಂತಾರೆ," ಅಂದಳು. ಎರಡನೇ ಸಲಕ್ಕೆ ಹೇಳಬೇಕಾದ ಮಾತೇ ಅದು. ನಾನು, "ಅದೂ ಹೌದು," ಅಂದೆ.

ಹೊರಡುವ ಬೆಳಿಗ್ಗೆ ಅಕ್ಕ ನಮಗಿಂತ ಮೊದಲು ಎದ್ದಿದ್ದಳು. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಎಲ್ಲ ಕಟ್ಟಿ ಗೂಡಿನಲ್ಲಿ ಜೋಡಿಸಿಟ್ಟಿದ್ದಳು. ನಾವು ಗಾಡಿ ಹತ್ತುವಾಗ ಬಾಗಿಲಿಗೆ ಬಂದು ನಿಂತಳು. ಸ್ನಾನವಾಗಿತ್ತು, ಪೂಜೆಯಾಗಿತ್ತು, ಹಣೆ ತುಂಬ ವಿಭೂತಿ. ಉಟ್ಟಿದ್ದು ಅವಳ ಬೂದು ಬಣ್ಣದ ಇಳಕಲ್ ಸೀರೆ. ಮನೆಯಲ್ಲಿರುವಾಗ ಅವಳು ಆ ಸೀರೆ ಉಡುತ್ತಿರಲಿಲ್ಲ. ಅದು ಊರಿಗೆ ಹೋಗುವಾಗಿನ ಸೀರೆ.

ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.

ಗಾಡಿ ಸ್ಟಾರ್ಟಾಗಿತ್ತು. ಒಂದು ಮಾತು, ಕೆಳಗಿಳಿದು ಒಂದು ಕೈ ಹಿಡಿಯುವುದು, ಅಷ್ಟೇ. ಹೇಳಿದ್ದರೆ ಹಸುವನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದಿತ್ತು.

"ಅಕ್ಕ, ಹಸುಗೆ ಹಿಂಡಿ ಮರೀಬ್ಯಾಡ," ಅಂದೆ.

ಅವಳು ಸೆರಗಿನ ಗಂಟು ಬಿಚ್ಚಿ, ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪನ್ನು ನನ್ನ ಕೈಗೆ ಕೊಟ್ಟಳು. ಒಂದು ಹಿಡಿ ಅಕ್ಕಿ, ಒಂದು ಹಳೆಯ ನಾಣ್ಯ. ಮದುವೆಗೆ ಮುಂಚೆ ಕಟ್ಟಿಟ್ಟದ್ದು. ಬಟ್ಟೆಯ ಮಡಿಕೆಯಲ್ಲಿ ಬಣ್ಣ ಹೋಗಿತ್ತು. "ಸ್ವಾಮಿ ಪಾದಕ್ಕೆ ಹಾಕಿಬಿಡು. ನಂದು ಮುಗೀತು ಅಂತ ಹೇಳು," ಅಂದಳು. ಮುಡಿಪನ್ನು ಬೇರೆಯವರ ಕೈಲಿ ಕಳಿಸಿದರೆ ಹರಕೆ ಸಂದ ಹಾಗೆ, ಮತ್ತೆ ಹೋಗುವ ಮಾತಿಲ್ಲ. ನಾನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಪ್ರಯಾಣ ಚೆನ್ನಾಗಿಯೇ ಆಯಿತು. ದೀಪ ಹಚ್ಚಿದ ಮೇಲೆ ಅವತ್ತಿನ ಒಳ್ಳೆಯದನ್ನು ಒಂದೊಂದಾಗಿ ನೆನೆದು ಶಿವನಿಗೆ ಕೈ ಮುಗಿಯುವುದು ನನ್ನ ಅಭ್ಯಾಸ. ಆ ಎಂಟು ದಿನವೂ ನೆನೆಯಲು ಬೇಕಾದಷ್ಟಿತ್ತು. ಬಳ್ಳಾರಿ ದಾಟಿದ ಮೇಲೆ ಟೈರು ಪಂಕ್ಚರಾದದ್ದು ಪಂಕ್ಚರ್ ಅಂಗಡಿಯ ಮುಂದೆಯೇ. ಮಗನ ಜ್ವರ ಒಂದೇ ದಿನಕ್ಕೆ ಇಳಿಯಿತು. ಘಾಟಿನಲ್ಲಿ ಮಳೆ ಬರಲಿಲ್ಲ. ಅಕ್ಕನ ಮುಡಿಪನ್ನು ಮಲ್ಲಯ್ಯನ ಪಾದಕ್ಕೆ ಹಾಕಿ, ತಲೆಯಿಟ್ಟು ನಮಸ್ಕಾರ ಮಾಡುವಷ್ಟು ಹೊತ್ತು ಸಿಕ್ಕಿತು.

ಆದರೆ ಒಲೆ? ನನ್ನ ಒಲೆ ನನ್ನದಾಯಿತು, ಹಚ್ಚುವ ಕೆಲಸವೇ ಬೀಳಲಿಲ್ಲ. ಮೊದಲ ದಿನ ಅಕ್ಕನ ರೊಟ್ಟಿಯಾಯಿತು. ಎರಡನೇ ದಿನ ಅಕ್ಕಿ ತೊಳೆಯುತ್ತಿದ್ದಾಗ ಮಗಳು, "ಅಮ್ಮ, ಅಲ್ಲಿ ದೋಸೆ ವಾಸ್ನೆ ಬರ್ತೈತೆ," ಅಂದಳು. ನನ್ನ ತಾಯಿ ಆಗಲೇ ಚಪ್ಪಲಿ ಮೆಟ್ಟಿದ್ದಳು. "ಊರು ಬಿಟ್ಟು ಬಂದೂ ನಿನ್ನ ಅನ್ನ ಸಾರೇ ತಿನ್ನಬೇಕೇನೇ? ನಡೀರಿ." ಹೋಟೆಲು ಸಲ್ಲದು ಎನ್ನುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಎಂಟು ದಿನದಲ್ಲಿ ನಾನು ಆ ಒಲೆ ಹಚ್ಚಿದ್ದು ಮೂರು ಸಲ, ಅದರಲ್ಲಿ ಎರಡು ಸಲ ಬರಿಯ ಕಾಫಿಗೆ.

ಮಲಗುವುದೂ ಹಾಗೇ ಆಯಿತು. ತಗಡಿನ ಗಾಡಿ, ಹಗಲೆಲ್ಲ ಬಿಸಿಲುಂಡು ಸಂಜೆಗೆ ಕಾದ ಹಂಚಾಗಿರುತ್ತಿತ್ತು. ಇವರು ಚಾಪೆ ತೆಗೆದುಕೊಂಡು ಗಾಡಿಯ ಮೇಲೆ ಹತ್ತಿದರು. ಮಗ ಅವರ ಹಿಂದೆ ಹೋದ. ನನ್ನ ತಾಯಿ ಮೊಮ್ಮಗಳನ್ನು ಕರೆದುಕೊಂಡು ಛತ್ರದ ಪಡಸಾಲೆಗೆ ಹೋದಳು, ಅಲ್ಲಿ ಕಲ್ಲು ತಂಪಗಿತ್ತು, ಮಾತಿಗೆ ಬೇರೆ ಊರಿನ ಹೆಂಗಸರಿದ್ದರು. ಅಂಗಳದಲ್ಲಿ ಹಪ್ಪಳದ ಹಾಗೆ ಜೋಡಿಸಿ, ಆರನೆಯವರು ಹಿಡಿಯುವುದಿಲ್ಲ ಅಂದ ಗಾಡಿಯೊಳಗೆ ಮಲಗಿದವಳು ನಾನೊಬ್ಬಳೇ. ಕಾಲು ಚಾಚಿದರೆ ಎದುರಿನ ಹಲಗೆ ಮುಟ್ಟುತ್ತಿರಲಿಲ್ಲ. ಕೈ ಮೇಲೆತ್ತಿದರೆ ಒಂದು ಗೇಣು ಮೇಲೆ ಹೊಡೆದ ಗೂಟ ತಾಗುತ್ತಿತ್ತು.

ತಿರುಗಿ ಬಂದಾಗ ಅಕ್ಕ ನಮ್ಮ ಕಾಲಿಗೆ ನೀರು ಕೊಟ್ಟಳು. ಪ್ರಸಾದವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು.

"ಒಲೆ ಗಾಳಿಗೆ ಆರ್ತಿರ್ಲಿಲ್ಲ ತಾನೆ?" ಎಂದು ಕೇಳಿದಳು.

"ಇಲ್ಲಕ್ಕ, ಚೆನ್ನಾಗಿ ಉರೀತು."

"ನಾನು ಹೇಳ್ದೆ ನೋಡು, ಬಾಗಿಲ ಕಡೆ ಇಡಬ್ಯಾಡಿ ಅಂತ," ಅಂತ ಸಮಾಧಾನ ಪಟ್ಟುಕೊಂಡಳು. ಆ ಒಂದು ಸುಳ್ಳನ್ನು ಮಾತ್ರ ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಮರುವರ್ಷ ನಾನು ಅವಳನ್ನು ಕರೆದೆ. ಮೂರಲ್ಲ, ಹತ್ತು ಸಲ ಕರೆದೆ. ಕೈ ಹಿಡಿದೆ. "ಮುಡಿಪು ಸಂದೈತೆ. ಕರೆಸ್ಕಳೋನು ಕರೆಸ್ಕಂಡಿದ್ರೆ ಅವತ್ತೇ ಹೋಗ್ತಿದ್ದೆ. ಈಗ್ಯಾಕೆ," ಅಂದಳು. ಅದು ಕರೆಸಿಕೊಳ್ಳಲು ಹೇಳುವ 'ಬೇಡ' ಅಲ್ಲ ಅನ್ನುವುದು ದನಿಯಲ್ಲೇ ತಿಳಿಯಿತು. ಆಮೇಲೆ ಮಂಡಿ ನೋವು ಬಂತು, ಗಾಡಿಯ ಮೆಟ್ಟಿಲೂ ಅವಳಿಗೆ ಎತ್ತರವಾಯಿತು.

ನಮ್ಮ ವ್ಯಾನು ನೋಡಿದವರು ತಮಗೂ ಅಂಥದ್ದು ಬೇಕೆಂದು ಬರತೊಡಗಿದರು. ಎರಡು ಸಾವಿರದ ಇಸವಿಯ ಈಚೆಗಂತೂ ಹೊಸದುರ್ಗ, ರಾಮಗಿರಿ ಕಡೆಯಿಂದೆಲ್ಲ ಬಂದರು. ಗಾಡಿಯ ಕೆಲಸ ಇವರದು, ಒಳಗಿನ ಜಾಗದ ಮಾತು ನನ್ನದು. ಹೆಂಗಸರನ್ನು ಮನೆಗೆ ಕಳಿಸಿಬಿಡುತ್ತಿದ್ದರು. ಎಷ್ಟು ಜನ, ಎಷ್ಟು ದಿನ, ಏನು ಅಡಿಗೆ ಅಂತ ನಾನು ಕೇಳುತ್ತಿದ್ದೆ. ಬರಲ್ಲ ಅಂದವರನ್ನು ಮೊದಲು ಎಣಿಸಿ ಅಂತ ಹೇಳುತ್ತಿದ್ದೆ. ಕೆಲವರು ನಗುತ್ತಿದ್ದರು.

ಒಂದು ಸಲ ಹೊಳಲ್ಕೆರೆಯಿಂದ ಒಬ್ಬಳು ಸೊಸೆ ಬಂದಳು. ಚುರುಕು ಹೆಣ್ಣುಮಗಳು. ಅಕ್ಕ ಅಲ್ಲೇ ಜಗಲಿಯ ಮೇಲೆ ಕಾಲು ನೀಡಿಕೊಂಡು ರಾಗಿ ಹಸನು ಮಾಡುತ್ತಿದ್ದಳು.

"ನಾವು ನಾಲ್ಕೇ ಜನ ಅಮ್ಮ. ಸಣ್ಣದೇ ಸಾಕು," ಅಂದಳು ಆ ಹುಡುಗಿ.

"ಅತ್ತೆ ಇಲ್ವೇನವ್ವ?"

"ಅವ್ರೆ, ಆದ್ರೆ ಬರಲ್ಲ ಅಂದ್ರು."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮೊರದಿಂದ ಮುಖ ಎತ್ತದೆ, "ಬರಲ್ಲ ಅಂದ್ಮೇಲೆ ಸಣ್ಣದೇ ಮಾಡಿಸ್ಕಳ್ರವ್ವ. ನಾನೂ ಬರಲ್ಲ ಅಂದಿದ್ದೆ. ನಮಗೆ ವಯಸ್ಸಾದೋರಿಗೆ ಮನೇನೇ ಹಿತ," ಅಂದಳು.

ಅದರಲ್ಲಿ ಚುಚ್ಚುಮಾತಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿಸುತ್ತಿತ್ತು. ಅವಳು ಅದನ್ನು ನಿಜವಾಗಿ ಹೇಳಿದಳು. ಎಷ್ಟೋ ವರ್ಷದಿಂದ ಅಕ್ಕಪಕ್ಕದವರಿಗೆ, ನೆಂಟರಿಗೆ, ಇವರಿಗೂ ಅವಳು ಹೇಳಿಕೊಂಡು ಬಂದ ಮಾತು ಅದೇ: ಅವರು ಕರೆದ್ರು, ನಾನೇ ಹೋಗಲಿಲ್ಲ.

ಆ ಹುಡುಗಿ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕ ಕೂತು ಹೇಳಿಬಿಟ್ಟೆ. ಜಾಗವಿತ್ತು ಅಕ್ಕ, ನಾನೇ ನಿನ್ನನ್ನು ಬಿಟ್ಟು ಹೋಗಬೇಕೆಂದು ಸಣ್ಣ ಗಾಡಿ ಆರಿಸಿದೆ. ಇಳಕಲ್ ಸೀರೆ ಉಟ್ಟು ನಿಂತದ್ದನ್ನೂ ನೋಡಿದೆ, ನೋಡಿಯೂ ಕರೆಯಲಿಲ್ಲ. ಹೇಳುತ್ತಾ ಅತ್ತುಬಿಟ್ಟೆ. ಅತ್ತು ಮುಗಿದಾಗ ಎದೆಯ ಭಾರವೆಲ್ಲ ಇಳಿದಂತಾಯಿತು. ಅವಳು ತಲೆ ಸವರಿ ಬಿಡು ಅನ್ನುತ್ತಾಳೆಂದು ಕಾದೆ.

ಅಕ್ಕ ಮೊರದಲ್ಲಿನ ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ಇದನ್ನ ನೀನು ನಂಗೆ ಹೇಳಬಾರದಾಗಿತ್ತು ಕಣೆ," ಅಂದಳು. "ಜಾಗ ಇರ್ಲಿಲ್ಲ, ನಾನೂ ಬರಲ್ಲ ಅಂದೆ, ಅಂತ ಹೆಂಗೋ ನಂಬ್ಕಂಡಿದ್ದೆ. ಇಷ್ಟು ವರ್ಷ ಅದ್ರಾಗೇ ಇದ್ದೆ. ಈಗ ನೀನು ಅದನ್ನೂ ಕಿತ್ಕಂಡೆ."

ಎದ್ದು ಒಳಗೆ ಹೋದಳು. ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮಧ್ಯಾಹ್ನ ಎಂದಿನಂತೆ ಬಡಿಸಿದಳು, ನನ್ನ ತಟ್ಟೆಗೆ ತುಪ್ಪ ಹಾಕಿದಳು. ಆ ಮಾತನ್ನು ತಮ್ಮನ ಕಿವಿಗೆ ಹಾಕಲಿಲ್ಲ. ಅಷ್ಟನ್ನು ನಾನು ಅವತ್ತು ಸಂಜೆ ದೀಪದ ಮುಂದೆ ನೆನೆದು ಕೈ ಮುಗಿದೆ. ಆದರೆ ತಪ್ಪೊಪ್ಪಿಕೊಂಡದ್ದೂ ನನ್ನ ಹಿತಕ್ಕೇ ಆಯಿತಲ್ಲ, ಗಾಡಿ ಆರಿಸಿದ ಹಾಗೇ, ಎಂಬುದು ಅವತ್ತೇ ಹೊಳೆಯಿತು. ಅದಕ್ಕೆ ಕೈ ಮುಗಿಯುವುದು ಹೇಗೆ?

ಅವಳು ಇನ್ನೂ ಐದು ವರ್ಷ ಬದುಕಿದ್ದಳು. ಮನೆಗೆ ಬಂದ ಹೆಂಗಸರು ಆ ಹಳೆಯ ವ್ಯಾನನ್ನು ನೋಡಿ, "ಅಕ್ಕಮ್ಮ, ಇದ್ರಾಗೆ ನೀವೂ ಶ್ರೀಶೈಲಕ್ಕೆ ಹೋಗಿದ್ರಾ?" ಅಂತ ಕೇಳಿದರೆ ಮೊದಲಿನ ಹಾಗೆ, ಕರೆದ್ರು, ನಾನೇ ಹೋಗಲಿಲ್ಲ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇಳಿದವರು ನನ್ನ ಕಡೆ ತಿರುಗುತ್ತಿದ್ದರು. "ಇಲ್ರಿ, ನಾನೇ ಕರಕಂಡು ಹೋಗ್ಲಿಲ್ಲ," ಎಂದು ಪ್ರತಿ ಸಲವೂ ಅವಳೆದುರಿಗೇ ಹೇಳುತ್ತಿದ್ದೆ. ಬಂದವರು ಅದನ್ನು ತಮಾಷೆಯೆಂದುಕೊಂಡು ನಗುತ್ತಿದ್ದರು.